ಸೈಟ್ ಬಂದವರಿಗೆ ದುರ್ಗಿಗುಡಿಯ ಒಂದು ಕನ್ನಡಕದ ಅಂಗಡಿ

ಹೋದ ತಿಂಗಳು ಅಪ್ಪಯ್ಯನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿದ್ದೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಎರಡು ಸಲ ಬೆರಳು ಕೊಟ್ಟಿದ್ದರು, ಹಳೇ ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು, ಇನ್ನೂ ತಡ ಮಾಡಿದರೆ ಆಗಲ್ಲ ಅನ್ನಿಸಿತು. ಅಂಗಡಿ ದುರ್ಗಿಗುಡಿಯಲ್ಲಿ, ಸ್ವಲ್ಪ ಒಳಗೆ. ಹೆಸರು ಹಾಕುತ್ತಿಲ್ಲ, ಮುಂದೆ ಒಂದು ತಕರಾರೂ ಇದೆ.

ಕೌಂಟರಿನ ಹುಡುಗ ಕೇಳಿದ, "ಅಜ್ಜಾ, ಸೈಟ್ ಎಷ್ಟಿದೆ?" ಅಪ್ಪಯ್ಯ ಗಂಭೀರವಾಗಿ, "ಒಂದೇ ಮಾರಾಯ, ಗೋಪಾಳದಲ್ಲಿ. 30-40."

ಜನ ಜಾಸ್ತಿ ಇದ್ದರು, ಮುಕ್ಕಾಲು ಗಂಟೆ ಕಾಯಬೇಕಾಯಿತು. ಒಂಬತ್ತನೇ ಕ್ಲಾಸಿನ ಮಗಳು ಸುಮ್ನೆ ಕೂರುವವಳಲ್ಲ. "ಸೈಟ್ ಅಂದ್ರೆ ಕಣ್ಣು ಕಾಣೋದು ಅಲ್ವಾ ಅಪ್ಪ? ಮತ್ತೆ ಸೈಟ್ ಬಂದವರಿಗೆ ಕನ್ನಡಕ ಯಾಕೆ?" ಹೌದಲ್ಲ! ಇಂಗ್ಲಿಷಿನವರಿಗೆ ಸೈಟ್ ಹೋದರೆ ಕಷ್ಟ, ನಮಗೆ ಸೈಟ್ ಬಂದರೆ ಕಷ್ಟ. ಶಾರ್ಟ್ ಸೈಟ್, ಲಾಂಗ್ ಸೈಟ್ ಅನ್ನೋದರ ತಲೆ ಕತ್ತರಿಸಿ ಬಾಲ ಮಾತ್ರ ಇಟ್ಟುಕೊಂಡಿದ್ದೇವೆ. ಶಾರ್ಟ್ ಸೈಟ್ ಅಂದರೆ ಹತ್ತಿರದ್ದು ಕಾಣುತ್ತೆ, ದೂರದ್ದು ಮಂಜು. ಮುಂದಾಲೋಚನೆ ಇಲ್ಲದವನನ್ನೂ ಅವರು ಶಾರ್ಟ್ ಸೈಟೆಡ್ ಅಂತಲೇ ಕರೆಯುತ್ತಾರೆ. ನಮ್ಮ 'ದೂರದೃಷ್ಟಿ'ಯ ಕಥೆ ಇನ್ನೂ ಚೆನ್ನಾಗಿದೆ, ಭಾಷಣದಲ್ಲಿ ಅದು ಹೊಗಳಿಕೆ, ವಿಜ್ಞಾನದ ಪುಸ್ತಕದಲ್ಲಿ ದೋಷ! ಜೋಗ ನೋಡೋಕೆ ಬರೋರದ್ದು ಸೈಟ್‌ಸೀಯಿಂಗ್, ಕೋವಿಯಲ್ಲಿ ಗುರಿ ಹಿಡಿಯೋದು ಸೈಟ್, ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಹೊಡೆಯೋದೂ ಸೈಟ್. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯೋನು, ನನಗೆ ಇನ್ನೊಂದು ನೆನಪಾಯಿತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಸಾಲದ ಪ್ರಾಮಿಸರಿ ನೋಟಿನಲ್ಲಿ 'ಅಟ್ ಸೈಟ್' ಅಂತ ಇದ್ದರೆ ಕೇಳಿದ ಕೂಡಲೇ ದುಡ್ಡು ಎಣಿಸಬೇಕು. ಗೋಪಾಳದ ಸೈಟ್ ಮಾತ್ರ ಬೇರೆಯೇ ಪದ, ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗೂ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಅಪ್ಪಯ್ಯನ ತಪ್ಪೇನಿಲ್ಲ.

ಪರೀಕ್ಷೆ ಮಾಡುವವರು ಐವತ್ತರ ಆಸುಪಾಸಿನವರು, ಆತುರವೇ ಇಲ್ಲ. ಕೋಣೆ ಚಿಕ್ಕದು. ಅಕ್ಷರದ ಬೋರ್ಡನ್ನು 6 ಮೀಟರ್ ದೂರದಿಂದ ಓದಿಸಬೇಕು, ಕಣ್ಣು ಸರಿ ಇದ್ದರೆ ಬರೆಯುವ 6/6 ಅನ್ನೋದರಲ್ಲಿ ಮೊದಲ 6 ಅದೇ. ಇಲ್ಲಿ ಎದುರಿಗೆ ಕನ್ನಡಿ ಇಟ್ಟು 3 ಮೀಟರಿನಲ್ಲೇ ಆ ಕೆಲಸ ಮುಗಿಸುತ್ತಾರೆ. ನನಗೆ ಇಷ್ಟವಾಗಿದ್ದು ಆಮೇಲಿನದು. ಅಪ್ಪಯ್ಯನಿಗೆ ಪೇಪರ್ ಕೊಟ್ಟು ಓದಿ ಅಂದರು, ಟೇಪ್ ಹಿಡಿದು ಕಣ್ಣಿಂದ ಪೇಪರಿಗೆ ಎಷ್ಟು ದೂರ ಅಂತ ಅಳೆದರು. "ಅಡಿಕೆ ಸುಲಿಯೋಕೆ ಹ್ಯಾಗೆ ಕೂರ್ತೀರಿ ಯಜಮಾನ್ರೆ, ತೋರಿಸಿ" ಅಂದು ಅದನ್ನೂ ಅಳೆದರು. ನಾನು ಮೇಲೆ ದೂರಕ್ಕೆ, ಕೆಳಗೆ ಓದೋಕೆ ಇರುವ ಬೈಫೋಕಲ್ ಒಂದೇ ಸಾಕು ಅಂದಿದ್ದೆ. ಅವರು ಒಪ್ಪಲಿಲ್ಲ. ಕೆಳಗೆ ನೋಡಿದರೆ ಓದುವ ಗಾಜಿನಿಂದ ನೆಲ ಕಾಣುತ್ತೆ, ಮೆಟ್ಟಿಲು ಕಲಸಿದ ಹಾಗಾಗುತ್ತೆ, ಮಳೆಗಾಲದಲ್ಲಿ ಸಂಕ ದಾಟೋರು ನೀವು, ಎರಡು ಬೇರೆ ಬೇರೆ ಮಾಡಿಸಿ ಅಂದರು. ಪೊರೆ ಶುರುವಾದಂತಿದೆ, ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿ ಅಂತಲೂ ಹೇಳಿದರು.

ನನಗೂ ಓದುವ ಸೈಟ್ ಬಂದಿದೆಯಂತೆ. ನಮ್ಮ ಅಜ್ಜಿ ಇದಕ್ಕೆ ಚಾಳೀಸು ಅನ್ನುತ್ತಿದ್ದರು, ಹಿಂದಿಯ 40. ಆ ವಯಸ್ಸಿನ ಹೊತ್ತಿಗೆ ಕಣ್ಣೊಳಗಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳಲ್ಲ. ಸೈಟ್ ಅನ್ನೋದಕ್ಕಿಂತ ಇದೇ ಸರಿಯಾದ ಹೆಸರು, ಸುಳ್ಳಾದರೂ ಹೇಳಲ್ಲ.

ಈಗ ತಕರಾರು. ಒಳಗಿನವರು ಎಷ್ಟು ನಿಧಾನವೋ ಕೌಂಟರ್ ಅಷ್ಟೇ ಗಡಿಬಿಡಿ. ಕಂಪ್ಯೂಟರ್, ಮೊಬೈಲಿನ ನೀಲಿ ಬೆಳಕು ತಡೆಯುತ್ತೆ ಅನ್ನೋ ಬ್ಲೂ ಕಟ್ ಗಾಜು ಹಾಕಿಸಿ ಅಂತ ಹುಡುಗ ನಾಲ್ಕು ಸಲ ಹೇಳಿದ. ಅಮೆರಿಕದ ಕಣ್ಣಿನ ವೈದ್ಯರ ಅಕಾಡೆಮಿಯೇ ಕಂಪ್ಯೂಟರಿಗೆ ಅಂತ ವಿಶೇಷ ಕನ್ನಡಕ ಬೇಡ ಅಂದಿದೆ, ಇನ್ನು ಮೆಟ್ಟುಗತ್ತಿಗೆ ಯಾಕಪ್ಪ? 4 ದಿನ ಅಂದವರು 11 ದಿನ ಮಾಡಿದರು. ಬಂದ ಮೇಲೆ ಹಾಕಿಕೊಂಡರೆ ಅಪ್ಪಯ್ಯನಿಗೆ ಅಂಗಳ ವಾರೆ! ಬಲಗಣ್ಣಿನ ಸಿಲಿಂಡರ್ ಪವರಿನ, ಅಂದರೆ ಒಂದೇ ದಿಕ್ಕಿಗೆ ಕೆಲಸ ಮಾಡುವ ಪವರಿನ, ಕೋನ ತಪ್ಪಾಗಿ ಕೂರಿಸಿದ್ದರು. ಮತ್ತೆ ಬಸ್ಸು, ಮತ್ತೆ ಒಂದು ದಿನ. ದುಡ್ಡು ಕೇಳದೆ ಹೊಸ ಗಾಜು ಹಾಕಿಕೊಟ್ಟರು, ಅದು ಸರಿ, ಆದರೆ ಕೊಡುವ ಮೊದಲೇ ನೋಡಬೇಕಿತ್ತು.

ಎರಡಕ್ಕೂ ಸೇರಿ 3,400 ಆಯಿತು. ಮಾರನೇ ದಿನ ಅಪ್ಪಯ್ಯ ಜಗಲಿಯಲ್ಲಿ ಕೂತು ಪೇಪರಿನ ಅಡಿಕೆ ಧಾರಣೆ ತಾವೇ ಓದಿಕೊಂಡರು. "ರಾಶಿ ಅಡಿಕೆ ಇಳಿದಿದೆಯಲ್ಲೋ. ಇದನ್ನ ಕಾಣೋಕೆ ಇಷ್ಟು ದುಡ್ಡು ಕೊಟ್ವಾ?"

ಹೋಗೋರು ಬೆಳಿಗ್ಗೆಯೇ ಹೋಗಿ, ಸಂಜೆ ಕಾಲಿಡೋಕೆ ಜಾಗ ಇರಲ್ಲ. ಭಾನುವಾರ ಬಾಗಿಲು ಹಾಕಿರುತ್ತೆ. ಕನ್ನಡಕ ಬಂದಾಗ ಅಲ್ಲೇ ಹಾಕಿಕೊಂಡು ರಸ್ತೆವರೆಗೆ ಒಂದು ಸುತ್ತು ನಡೆದು ನೋಡಿ, ಆಮೇಲೆ ಬಾಕಿ ಕೊಡಿ.