ಮುದ್ದೆಯೋ, ಅಕ್ಕಿ ರೊಟ್ಟಿಯೋ, ಕಡುಬೋ?

ಹಾಸನಕ್ಕೆ ಹೊಸದಾಗಿ ಬಂದಿದ್ದೀನಿ, ದಿನದ ಊಟಕ್ಕೆ ಯಾವುದು ರೂಢಿ ಮಾಡ್ಕೊಳ್ಳಲಿ ಅಂತ ಕೇಳಿದ್ದೀರಿ. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಬಿಡಿ.

ಸತ್ವ ನೋಡಿದರೆ ಮುದ್ದೆ ಮುಂದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಆದರೆ ಗಂಟಾಗದ ಹಾಗೆ ತಿರುವೋಕೆ ರಟ್ಟೆ ಬೇಕು. ನನ್ನ ಮೊದಲ ಮುದ್ದೆ ಮುರಿದರೆ ಒಳಗೆ ಹಸಿ ಹಿಟ್ಟು! ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆ ಸಾರಿಗೆ ಮುದ್ದೆ ಬಿಟ್ಟು ಬೇರೆ ಯೋಚನೆಯೇ ಬೇಡ.

ಡಬ್ಬಿಗಾದರೆ ಅಕ್ಕಿ ರೊಟ್ಟಿ. ಸಬ್ಬಸಿಗೆ, ಕ್ಯಾರೆಟ್, ಈರುಳ್ಳಿ ಎಲ್ಲ ಹಿಟ್ಟಿಗೇ ಸೇರುತ್ತೆ, ಸೊಪ್ಪು ಕಂಡರೆ ಓಡುವ ಮಕ್ಕಳೂ ತಿಂತಾರೆ, ಅಲ್ವಾ? ಎಣ್ಣೆ ಮಾತ್ರ ಜಾಸ್ತಿ ಕುಡಿಯುತ್ತೆ.

ಕಡುಬಿಗೆ ಎಣ್ಣೆ ಬೇಕಿಲ್ಲ, ಪುರಸೊತ್ತು ಬೇಕು: ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಡಬೇಕು. ಚಿಕ್ಕಮಗಳೂರಿನ ಕಡೆ ಮಾಡುವ ಹಾಗೆ ಮಳೆಗಾಲದ ಭಾನುವಾರ ಕಳಲೆ (ಎಳೆ ಬಿದಿರಿನ ಮೊಳಕೆ) ಸಾರಿನ ಜೊತೆ ಮಾಡಿ. ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿಯೇ ಬಳಸಿ.