ಒಂದು ಮೈಲಿಯ ಟೈಮಿಂದ ಎರಡು ಮೈಲಿ ಗೊತ್ತಾಗುತ್ತಾ? ಹಾಸನದ ಟ್ರ್ಯಾಕಲ್ಲಿ ಮೂರು ಲೆಕ್ಕ, ಮೂರು ಜನ

ಅಕ್ಕನ ಮಗನಿಗೆ 19 ವರ್ಷ, ಸೇನೆ ನೇಮಕಾತಿ ರ‍್ಯಾಲಿಗೆ ತಯಾರಾಗುತ್ತಿದ್ದಾನೆ. ಅವನ ತಲೆಯಲ್ಲಿ ಇರುವುದು ಒಂದೇ ನಂಬರ್: 1.6 ಕಿ.ಮೀ.ಗೆ 5 ನಿಮಿಷ 30 ಸೆಕೆಂಡ್. ರ‍್ಯಾಲಿ ಓಟದಲ್ಲಿ ಮೊದಲ ಗುಂಪಿಗೆ ಬಹಳ ಕಾಲದಿಂದ ಇದ್ದ ಗಡಿ ಅದು. ಒಂದು ದಿನ ಕಾಫಿ ಕುಡಿಯುತ್ತಾ, "ಮಾಮ, ಎರಡು ಮೈಲಿ ಕೊಟ್ರೆ 11 ನಿಮಿಷದೊಳಗೆ ಬರ್ತೀನಿ" ಅಂದ. ಮೈಲಿ ಅಂದರೆ ಹತ್ತಿರ ಹತ್ತಿರ ಅದೇ 1.6 ಕಿ.ಮೀ., ಅವನ ಮೈಲಿ 5:22. ಡಬಲ್ ಮಾಡಿದರೆ 10:44, ಮೇಲೆ ಸ್ವಲ್ಪ ಸೇರಿಸಿದರೆ ಆಯ್ತಲ್ಲ ಅನ್ನೋದು ಅವನ ವಾದ. ಆ 'ಸ್ವಲ್ಪ' ಎಷ್ಟು ಅನ್ನೋದರಲ್ಲೇ ಇರೋದು ಕಥೆ.

ಹಾಗಾಗಿ ಮೂರು ಲೆಕ್ಕಗಳನ್ನು ಪರೀಕ್ಷೆಗೆ ಇಟ್ಟೆವು.

ಮೊದಲನೆಯದು ನಮ್ಮ ಹೈಸ್ಕೂಲ್ ಪಿಟಿ ಮೇಷ್ಟ್ರು ಹೇಳಿಕೊಟ್ಟದ್ದು. ಮೈಲಿ ಟೈಮನ್ನು ಎರಡರಿಂದ ಗುಣಿಸು, 30 ಸೆಕೆಂಡ್ ಸೇರಿಸು. ಎರಡನೆಯದು ಪೀಟರ್ ರೀಗಲ್ ಅನ್ನುವ ಅಮೆರಿಕದ ಎಂಜಿನಿಯರ್ 1977ರಲ್ಲಿ ಬರೆದ ಸೂತ್ರ. ದೂರ ಎಷ್ಟು ಪಟ್ಟು ಹೆಚ್ಚುತ್ತದೋ, ಅದರ 1.06ನೇ ಘಾತದಷ್ಟು ಸಮಯ ಹೆಚ್ಚುತ್ತದೆ. ದೂರ ಎರಡು ಪಟ್ಟಾದರೆ ಸುಮ್ನೆ 2.085ರಿಂದ ಗುಣಿಸಿದರೆ ಸಾಕು. ಮೂರನೆಯದು ನನ್ನದೇ ಕಿತಾಪತಿ: ಲೋಕದ ಅತಿ ವೇಗದ ಓಟಗಾರರ ಅನುಪಾತ. ಮೈಲಿಯ ವಿಶ್ವ ದಾಖಲೆ ಮೊರಾಕೊದ ಹಿಶಾಮ್ ಎಲ್ ಗೆರೂಜ್ 1999ರಲ್ಲಿ ರೋಮ್‌ನಲ್ಲಿ ಓಡಿದ 3:43.13. ಎರಡು ಮೈಲಿಯಲ್ಲಿ ನಾರ್ವೆಯ ಯಾಕೋಬ್ ಇಂಗೆಬ್ರಿಗ್ಟ್‌ಸನ್ 2023ರಲ್ಲಿ ಪ್ಯಾರಿಸ್‌ನಲ್ಲಿ ಓಡಿದ 7:54.10. ಭಾಗಿಸಿದರೆ 2.125 ಬರುತ್ತದೆ.

ಇವರಿಗಿಂತ ನನಗೆ ಇಷ್ಟವಾದವನು ಕೀನ್ಯಾದ ಡೇನಿಯಲ್ ಕೋಮೆನ್. 1954ರಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ್ದಕ್ಕೆ ಲೋಕವೇ ಬೆರಗಾಗಿತ್ತು. ಕೋಮೆನ್ 1997ರಲ್ಲಿ ಬೆಲ್ಜಿಯಂನಲ್ಲಿ 7:58.61ಕ್ಕೆ ಎರಡು ಮೈಲಿ ಮುಗಿಸಿದ. ಅಂದರೆ ಬ್ಯಾನಿಸ್ಟರ್ ಓಡಿದ್ದನ್ನು ನಿಲ್ಲದೆ ಎರಡು ಸಲ!

ಸರಿ, ನಮ್ಮ ಹಾಸನಕ್ಕೆ ಬರೋಣ. ಓಡಿದ್ದು ಜಿಲ್ಲಾ ಕ್ರೀಡಾಂಗಣದಲ್ಲಿ. 400 ಮೀಟರ್ ಟ್ರ್ಯಾಕಲ್ಲಿ ನಾಲ್ಕು ರೌಂಡ್ ಹೊಡೆದರೆ ಮೈಲಿ ಆಗಲ್ಲ, 1609.34 ಮೀಟರ್ ಬೇಕು. ಹಾಗಾಗಿ ಮೈಲಿಗೆ ಗೆರೆಯಿಂದ 9.3 ಮೀಟರ್ ಹಿಂದೆ, ಎರಡು ಮೈಲಿಗೆ 18.7 ಮೀಟರ್ ಹಿಂದೆ ಟೇಪು ಹಿಡಿದು ಅಳೆದು, ಅಲ್ಲೊಂದು ಹವಾಯಿ ಚಪ್ಪಲಿ ಇಟ್ಟು ಓಡಿದೆವು. ಮೈಲಿಯನ್ನು ಗುರುವಾರ ಓಡಿ, ಎರಡು ಮೈಲಿಯನ್ನು ಭಾನುವಾರಕ್ಕೆ ಇಟ್ಟುಕೊಂಡೆವು.

ಮೊದಲ ಭಾನುವಾರ ಎಡವಟ್ಟಾಯ್ತು. ಏಳು ಗಂಟೆಗೆ ಹೋದರೆ ಒಳಗಿನ ಲೇನಿನಲ್ಲಿ ವಾಕಿಂಗ್ ಆಂಟಿಯರು ಸಾಲಾಗಿ ನಡೆಯುತ್ತಿದ್ದರು. ಮಗಳ ಮದುವೆ ಮಾತುಕತೆ ಜೋರಾಗಿತ್ತು, ಜಾಗ ಬಿಡಿ ಅನ್ನೋಕೆ ಬಾಯಿ ಬರಲಿಲ್ಲ. ನಾಲ್ಕನೇ ಲೇನಿನಲ್ಲಿ ಎಂಟು ರೌಂಡ್ ಹೊಡೆದೆ. 13:55! ನನಗೆ ವೇಗ ಇಲ್ಲದಿದ್ದರೂ ದಮ್ಮಿದೆ ಅಂತ 44 ವರ್ಷಕ್ಕೂ ಬೀಗುತ್ತಿದ್ದವನು ನಾನು, ಮುಖ ಸಪ್ಪಗಾಯ್ತು. ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು. ಒಂದೊಂದು ಲೇನ್ 1.22 ಮೀಟರ್ ಅಗಲ. ಒಂದು ಲೇನ್ ಹೊರಗೆ ಹೋದಂತೆಲ್ಲ ರೌಂಡಿಗೆ ಏಳೂವರೆ ಮೀಟರ್ ಜಾಸ್ತಿ. ನಾಲ್ಕನೇ ಲೇನಿನ ರೌಂಡ್ ಸುಮಾರು 422 ಮೀಟರ್. ಎಂಟು ರೌಂಡಿಗೆ ಹತ್ತಿರ ಹತ್ತಿರ 180 ಮೀಟರ್ ದಂಡ ಕಟ್ಟಿದ್ದೆ. ಮುಂದಿನ ವಾರ ಐದೂವರೆಗೇ ಹೋದೆವು. ಮಂಜು, ಎರಡು ನಾಯಿ, ನಾವು ಮೂವರು, ಅಷ್ಟೇ.

ನನ್ನ ಮೈಲಿ 6:24. ಮೇಷ್ಟ್ರ ಲೆಕ್ಕ 13:18 ಅಂದಿತು, ರೀಗಲ್ 13:21, ದಾಖಲೆ ಅನುಪಾತ 13:36. ಓಡಿದ್ದು 13:11. ಮೂರನ್ನೂ ಸೋಲಿಸಿದೆ ಅಂತ ಹಿಗ್ಗಿದೆ. ಆಮೇಲೆ ನೋಡಿದರೆ ಇದು ನನ್ನ ಎರಡು ಮೈಲಿಯ ಹೊಗಳಿಕೆ ಅಲ್ಲ, ನನ್ನ ಮೈಲಿಯ ಬೈಗುಳ. ಕಾಲಲ್ಲಿ ವೇಗ ಇಲ್ಲ ಅಂತ ಗಡಿಯಾರವೇ ಹೇಳುತ್ತಿದೆ.

ನಮ್ಮ ಮನೆಯವಳು ಓಡೋಕೆ ಶುರು ಮಾಡಿ ಎಂಟು ತಿಂಗಳು. ಮೈಲಿ 8:40. ಮೇಷ್ಟ್ರ ಲೆಕ್ಕ 17:50, ರೀಗಲ್ 18:04, ದಾಖಲೆ 18:25. ಓಡಿದ್ದು 18:06. "ರೀ, ನಿಮ್ಮ ಮೇಷ್ಟ್ರು ಹೆಂಗಸರನ್ನ ಓಡಿಸಿಯೇ ಇರಲಿಲ್ಲ ಅನ್ಸುತ್ತೆ" ಅಂದಳು. ನಿಜ ಇರಬಹುದು. 30 ಸೆಕೆಂಡ್ ಅನ್ನೋದು ಎಲ್ಲರಿಗೂ ಒಂದೇ ಅಳತೆಯ ಅಂಗಿ. ಆರು ನಿಮಿಷದ ಮೈಲಿಯವರಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಅಲ್ಲಿ ಮೇಷ್ಟ್ರ ಲೆಕ್ಕವೂ ರೀಗಲ್ ಲೆಕ್ಕವೂ ಎರಡೂ 12:30ರ ಹತ್ತಿರವೇ ಬರುತ್ತವೆ. ಹತ್ತು ನಿಮಿಷದ ಮೈಲಿಗೆ ಹೋದರೆ ರೀಗಲ್ 51 ಸೆಕೆಂಡ್ ಸೇರಿಸುತ್ತಾನೆ, ಮೇಷ್ಟ್ರು ಅದೇ 30ರಲ್ಲೇ ನಿಲ್ಲುತ್ತಾರೆ. ಶಾಲೆಯ ಹುಡುಗರು ಐದೂವರೆ, ಆರು ನಿಮಿಷದವರು. ಅವರಿಗೆ ಸರಿಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಈಗ ಹುಡುಗನ ಸರದಿ. 5:22ಕ್ಕೆ ಮೇಷ್ಟ್ರು 11:14, ರೀಗಲ್ 11:11, ದಾಖಲೆ 11:24. ಅವನು ಓಡಿದ್ದು 11:41. ಮೊದಲ ರೌಂಡ್ 79 ಸೆಕೆಂಡಿಗೆ ಹಾರಿದ, ಅದು ಅವನ ಮೈಲಿಗಿಂತಲೂ ಜೋರು. ಆರನೇ ರೌಂಡಿಗೆ ಬಂದಾಗ ಭುಜ ಕಿವಿಯ ಹತ್ತಿರ ಬಂದಿತ್ತು, ವಾಚು 93 ತೋರಿಸಿತು. ಮುಗಿಸಿ ಹುಲ್ಲಿನ ಮೇಲೆ ಅಂಗಾತ ಬಿದ್ದು, "ನಿಮ್ಮ ಗೆರೆ ಅಳತೆ ತಪ್ಪು ಮಾಮ" ಅಂದ. ಮೂರು ವಾರ ಬಿಟ್ಟು ಮತ್ತೆ ಓಡಿಸಿದೆ. ಪ್ರತಿ ರೌಂಡಿಗೂ 85, 86 ಅಂತ ಪಕ್ಕದಲ್ಲಿ ನಿಂತು ಕೂಗುತ್ತಾ ಹಿಡಿದಿಟ್ಟೆ. 11:29 ಬಂತು. ಅಂದರೆ 12 ಸೆಕೆಂಡ್ ಬರೀ ಆತುರದ್ದು. ರೀಗಲ್‌ನ 11:11ಕ್ಕೆ ಇನ್ನು ಉಳಿದ 18 ಸೆಕೆಂಡ್ ದಮ್ಮಿನದ್ದು.

ದಾಖಲೆ ಅನುಪಾತ ಅವನಿಗೆ ಹತ್ತಿರ ಬಂದದ್ದು ಕಾಕತಾಳೀಯ ಅಂತಲೇ ನನಗೆ ಅನ್ನಿಸುತ್ತದೆ. ಎರಡು ಮೈಲಿಗೆ ಅಧಿಕೃತ ವಿಶ್ವ ದಾಖಲೆ ಅನ್ನುವುದೇ ಇಲ್ಲ, 'ಅತ್ಯುತ್ತಮ ಸಮಯ' ಅಂತಷ್ಟೇ ಬರೆದಿಡುತ್ತಾರೆ. ದೊಡ್ಡ ಕೂಟಗಳಲ್ಲಿ ಓಡಿಸುವುದೂ ಅಪರೂಪ. ಅದನ್ನು ನಮ್ಮಂಥವರ ಮೇಲೆ ಹೊರಿಸಬಾರದಿತ್ತು, ಆ ಲೆಕ್ಕ ಕೈಬಿಟ್ಟೆ.

ನಾನೀಗ ಇಟ್ಟುಕೊಂಡಿರೋದು ರೀಗಲ್ ಸೂತ್ರವನ್ನೇ. ಅದು ಕರಾರುವಾಕ್ಕು ಅಂತಲ್ಲ. ಮೂವರಲ್ಲಿ ಇಬ್ಬರಿಗೆ ತಪ್ಪಿತು, ಆದರೆ ತಪ್ಪಿದ ದಿಕ್ಕು ಉಪಯೋಗಕ್ಕೆ ಬಂತು. ಲೆಕ್ಕಕ್ಕಿಂತ ಬೇಗ ಬಂದ ನಾನು ಈಗ ಮಂಗಳವಾರ 200 ಮೀಟರ್ ಜೋರು ಓಟಗಳನ್ನು ಹಾಕುತ್ತಿದ್ದೇನೆ. ತಡವಾಗಿ ಬಂದ ಹುಡುಗನಿಗೆ ಶನಿವಾರ 8 ಕಿ.ಮೀ. ನಿಧಾನ ಓಟ. "ರ‍್ಯಾಲೀಲಿ ಓಡಿಸೋದು 1.6 ತಾನೇ ಮಾಮ?" ಅಂತ ಗೊಣಗುತ್ತಾ ಬರುತ್ತಾನೆ. ಅವನ ಅತ್ತೆ ಹಿಂದಿನಿಂದ ಬಂದು, ಆರನೇ ಕಿ.ಮೀ.ನಲ್ಲಿ ಅವನನ್ನು ದಾಟಿಕೊಂಡು ಹೋಗುತ್ತಾಳೆ.