ಪ್ರೀಮಿಯಂ ಬಾಡಿಯ ಕೆಳಗೆ ಆಟಿಕೆಯ ಚಾಸಿಸ್: ಪುಟ್ಟ ಆರ್‌ಸಿ ಕಾರು ಕೊಳ್ಳುವವರಿಗೆ ಎಚ್ಚರಿಕೆ

ಮೇಲುದರ್ಜೆಯ ಕಾರೆಂದು ಹೇಳಿ, ಮೇಲುದರ್ಜೆಯ ಕಾರಿಗೆ ಕೊಡಬೇಕಾದಷ್ಟೇ ಹಣ ಪಡೆದು, ಒಳಗೆ ಮಕ್ಕಳ ಆಟಿಕೆಯ ಯಂತ್ರವನ್ನಿಟ್ಟು ಕಳುಹಿಸುವ ಮಾರಾಟಗಾರರು ಆರ್‌ಸಿ, ಅಂದರೆ ರೇಡಿಯೊ ನಿಯಂತ್ರಿತ, ಪುಟ್ಟ ಕಾರುಗಳ ನಮ್ಮ ಈ ಹವ್ಯಾಸದಲ್ಲಿ ಇದ್ದಾರೆ. ಅಂಥ ಒಬ್ಬರ ಕೈಯಲ್ಲಿ ನಾನು ಮೋಸ ಹೋಗಿದ್ದೇನೆ. 1:28 ಅಳತೆಯ (ನಿಜವಾದ ಕಾರಿನ 28ರಲ್ಲಿ ಒಂದು ಪಾಲು ಗಾತ್ರದ) ಕಾರು ಕೊಳ್ಳಲು ಹೊರಟಿರುವವರು ಹಣ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಬೇಕು. ಕೋಪದಲ್ಲಿಯೇ ಬರೆಯುತ್ತಿದ್ದೇನೆ, ಆದರೆ ಇಲ್ಲಿರುವ ಪ್ರತಿಯೊಂದು ಮಾತಿಗೂ ನನ್ನ ಬಳಿ ಚಿತ್ರಗಳೂ ಆ ಮಾರಾಟಗಾರರ ಸಂದೇಶಗಳೂ ಇವೆ.

ಅವರ ಜಾಹೀರಾತಿನಲ್ಲಿ ಇದ್ದದ್ದು ಹೀಗೆ: ಪ್ರೊಪೋರ್ಷನಲ್ ಸ್ಟಿಯರಿಂಗ್ (ತಿರುಗಿಸಿದಷ್ಟಕ್ಕೆ ತಕ್ಕಂತೆ ತಿರುಗುವಂಥದ್ದು), ಬ್ರಷ್‌ಲೆಸ್ ಮೋಟರ್ (ಒಳಗೆ ಉಜ್ಜುವ ಬ್ರಷ್ ಇಲ್ಲದ್ದು), ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು), ಎಲ್ಲ ಕಡೆ ಬಾಲ್ ಬೇರಿಂಗ್, 2.4 ಗಿಗಾಹರ್ಟ್ಸ್ ರೇಡಿಯೊ, ಗಂಟೆಗೆ 280 ಕಿ.ಮೀ. ವೇಗ. ಬೆಲೆಯು ಅದೇ ಅಳತೆಯ ಬಜೆಟ್ ಕಾರಿನ ನಾಲ್ಕು ಪಟ್ಟು. ಜಪಾನಿನ ಕ್ಯೋಶೋ ಕಂಪನಿ 1999ರಲ್ಲಿ ಮಿನಿ-ಝಡ್ ಕಾರನ್ನು ತಂದಾಗಿನಿಂದ ಈ ಗಾತ್ರದಲ್ಲಿ ಎಲ್ಲರೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ; ಆದ್ದರಿಂದ ನಾನೂ ಹಣ ಕೊಡುವ ಮೊದಲು ಅದನ್ನೇ ಹಿಡಿದು, ನಿಮ್ಮ ಕಾರು ಮಿನಿ-ಝಡ್ ದರ್ಜೆಯದೇ ಎಂದು ಬರಹದಲ್ಲಿಯೇ ಕೇಳಿದೆ. "ಅದಕ್ಕಿಂತ ಒಂದು ಕೈ ಮೇಲು ಸರ್, ನಿಶ್ಚಿಂತೆಯಿಂದ ತೆಗೆದುಕೊಳ್ಳಿ" ಎಂಬ ಉತ್ತರ ಬಂತು. ಒಂದು ಕೈ ಮೇಲು! ಆ ಸಂದೇಶವನ್ನು ಇಂದಿಗೂ ಅಳಿಸಿಲ್ಲ.

ಬಂದ ಕಾರಿನ ಬಾಡಿ ಮಾತ್ರ ಬಹಳ ಚೆನ್ನಾಗಿತ್ತು. ಬಣ್ಣ, ದೀಪಗಳು, ಚಕ್ರದ ರಿಮ್ಮು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಈ ಗಾತ್ರದಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 98 ಮಿ.ಮೀ. ಇರುವ ಚಾಸಿಸ್‌ಗಳು ಎಲ್ಲ ಬೆಲೆಯಲ್ಲಿಯೂ ಸಿಗುವುದರಿಂದ, ಒಳ್ಳೆಯ ಬಾಡಿಯೊಂದನ್ನು ತಂದು ಯಾವುದೋ ಅಗ್ಗದ ಚಾಸಿಸ್ ಮೇಲೆ ಕೂರಿಸುವುದು ಕಷ್ಟದ ಕೆಲಸವೇನಲ್ಲ. ನನಗೆ ಮಾಡಿದ್ದೂ ಇದನ್ನೇ.

ಗೊತ್ತಾದದ್ದು ಗೆಳೆಯರ ಎದುರಿಗೆ. ನೆಲಹಾಸಿನ ಮೇಲೆ ಟ್ರ್ಯಾಕ್ ಹಾಕಿಕೊಂಡು ಓಡಿಸುವ ನಮ್ಮ ಕೂಟದಲ್ಲಿ ಒಬ್ಬರ ಬಳಿ ನಿಜವಾದ ಪ್ರೀಮಿಯಂ ಕಾರು ಇದೆ, ಇನ್ನೊಬ್ಬರ ಬಳಿ ಬಜೆಟ್ ಎಂದೇ ಹೇಳಿಕೊಂಡು ಮಾರಾಟವಾಗುವ ಕಾರು ಇದೆ. ನನ್ನದನ್ನೂ ಅವುಗಳ ಜೊತೆಗೆ ಇಳಿಸಿದೆ. ಪ್ರೀಮಿಯಂ ಕಾರು ತಿರುವಿನಲ್ಲಿ ಗೆರೆ ಎಳೆದ ಹಾಗೆ ಸಾಗುತ್ತಿತ್ತು. ನನ್ನದು ಮುಗ್ಗರಿಸುತ್ತ, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಎಳೆಯುತ್ತ ಹೋಯಿತು. ರೇಡಿಯೊ ಟ್ರಿಮ್ (ನೇರ ಸ್ಥಾನದ ಹೊಂದಾಣಿಕೆ) ಸರಿಯಿಲ್ಲವೇನೋ ಎಂದುಕೊಂಡು ಕಾರನ್ನು ಎತ್ತಿ ಹಿಡಿದು ಟ್ರಾನ್ಸ್‌ಮಿಟರಿನ (ಕೈಯಲ್ಲಿ ಹಿಡಿಯುವ ರಿಮೋಟಿನ) ಚಕ್ರವನ್ನು ಬಹಳ ನಿಧಾನವಾಗಿ ತಿರುಗಿಸಿದೆ. ಮುಂದಿನ ಟಯರುಗಳು ಅಲುಗಲಿಲ್ಲ. ಇನ್ನಷ್ಟು ತಿರುಗಿಸಿದೆ, ಆಗಲೂ ಅಲುಗಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದಾಗ ಟಕ್ಕೆಂದು ಪೂರ್ತಿ ಎಡಕ್ಕೆ ಹಾರಿ ನಿಂತವು. ಬಿಟ್ಟರೆ ಟಕ್ಕೆಂದು ನೇರಕ್ಕೆ ಬಂದವು. ಎಡ, ನೇರ, ಬಲ: ಮೂರೇ ಸ್ಥಾನಗಳು, ನಡುವೆ ಏನೂ ಇಲ್ಲ.

ಇದರ ಅರ್ಥ ಹವ್ಯಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರೊಪೋರ್ಷನಲ್ ಸ್ಟಿಯರಿಂಗಿನಲ್ಲಿ ನಾವು ಎಷ್ಟು ತಿರುಗಿಸುತ್ತೇವೆಯೋ ಟಯರೂ ಅಷ್ಟಕ್ಕೆ ತಕ್ಕಂತೆ ತಿರುಗಬೇಕು. ಅದಕ್ಕಾಗಿ ಸರ್ವೋದೊಳಗೆ (ಟಯರುಗಳನ್ನು ತಿರುಗಿಸುವ ಪುಟ್ಟ ಮೋಟರು ಘಟಕದೊಳಗೆ) ತನ್ನ ಈಗಿನ ಸ್ಥಾನವನ್ನು ತಿಳಿಸುವ ಪೊಟೆನ್ಷಿಯೋಮೀಟರ್ ಇರುತ್ತದೆ, ಆ ಸ್ಥಾನವೂ ರೇಡಿಯೊ ಕೇಳಿದ ಸ್ಥಾನವೂ ಹೊಂದುವವರೆಗೆ ಮೋಟರು ತಿರುಗುತ್ತದೆ. ನನ್ನ ಕಾರಿನಲ್ಲಿದ್ದದ್ದು ಒಂದು ಸುರುಳಿ, ಒಂದು ಅಯಸ್ಕಾಂತ, ನೇರಕ್ಕೆ ಎಳೆದು ತರಲು ಒಂದು ಸ್ಪ್ರಿಂಗು. ಇದು ಶುದ್ಧ ಆಟಿಕೆಯ ವ್ಯವಸ್ಥೆ. ಪಕ್ಕದಲ್ಲಿದ್ದ ಬಜೆಟ್ ಕಾರು, ನಾನು ಕೊಟ್ಟದ್ದರ ಕಾಲು ಭಾಗದ ಬೆಲೆಯದು, ಅದರಲ್ಲಿ ಪ್ರೊಪೋರ್ಷನಲ್ ಸ್ಟಿಯರಿಂಗ್ ಇತ್ತು. ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಷ್ಟು ಕೊಟ್ಟಿರಿ ಎಂದು ಒಬ್ಬರು ಮೆಲ್ಲಗೆ ಕೇಳಿದಾಗ ಬೆಲೆ ಹೇಳಲು ನನಗೆ ಬಾಯಿ ಬರಲಿಲ್ಲ.

ಬಾಡಿ ತೆಗೆದು ನೋಡಿದಷ್ಟೂ ಸುಳ್ಳುಗಳು ಹೊರಬಂದವು. ಬ್ರಷ್‌ಲೆಸ್ ಮೋಟರಿಗೆ ಮೂರು ತಂತಿಗಳಾದರೂ ಇರಲೇಬೇಕು. ಇದರಲ್ಲಿ ಇದ್ದದ್ದು ಎರಡು, ಅಂದರೆ ಸಾಧಾರಣ ಬ್ರಷ್ ಮೋಟರಿನ ಮೇಲೆ ಬ್ರಷ್‌ಲೆಸ್ ಎಂಬ ಚೀಟಿ ಅಂಟಿಸಲಾಗಿತ್ತು. ಹಿಂದಿನ ಒಂದು ಚಕ್ರವನ್ನು ಕೈಯಿಂದ ತಿರುಗಿಸಿದರೆ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗುತ್ತದೆ. ನನ್ನದರಲ್ಲಿ ಎರಡೂ ಒಟ್ಟಿಗೆ ಒಂದೇ ದಿಕ್ಕಿಗೆ ತಿರುಗಿದವು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು, ಒಂದೇ ಗಟ್ಟಿ ಸರಳಿಗೆ ಎರಡನ್ನೂ ಬಿಗಿದರೆ ಟಯರು ಉಜ್ಜಿಕೊಂಡು ಕಾರು ನೇರಕ್ಕೇ ನೂಕುತ್ತದೆ. (ಡ್ರಿಫ್ಟ್ ಕಾರುಗಳಲ್ಲಿ ಹೀಗೆ ಬೇಕೆಂದೇ ಬಿಗಿಯುತ್ತಾರೆ, ಆದರೆ ನಾನು ಕೊಂಡದ್ದು ಡ್ರಿಫ್ಟ್ ಕಾರಲ್ಲ, ಹಾಗೆಂದು ಅವರು ಹೇಳಿಯೂ ಇರಲಿಲ್ಲ.) ಬಾಲ್ ಬೇರಿಂಗ್ ಇರಬೇಕಾದ ಜಾಗಗಳಲ್ಲಿ ಪ್ಲಾಸ್ಟಿಕ್ ಬುಷ್‌ಗಳಿದ್ದವು, ಅವು ಆಗಲೇ ಸವೆದು ಚಕ್ರ ಅಲುಗಾಡುತ್ತಿತ್ತು.

ಆ 280 ಕಿ.ಮೀ. ವೇಗದ ವಿಷಯವನ್ನೂ ಹೇಳಿಬಿಡುತ್ತೇನೆ. ಕಾರು ನಿಜವಾಗಿ ಗಂಟೆಗೆ 10 ಕಿ.ಮೀ. ಓಡಿದರೆ ಅದನ್ನು 28ರಿಂದ ಗುಣಿಸಿ 280 ಎನ್ನುತ್ತಾರೆ, ಇದಕ್ಕೆ ಸ್ಕೇಲ್ ವೇಗ ಎಂದು ಹೆಸರು. ಹವ್ಯಾಸಿಗಳ ನಡುವೆ ಇದು ತಪ್ಪಲ್ಲ, ಆದರೆ ಸ್ಕೇಲ್ ಎಂಬ ಪದವನ್ನು ಕಿತ್ತುಹಾಕಿ ಬರೀ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುವುದು ಮೋಸ.

ಈಗ ಅವರ ಉತ್ತರಗಳಿಗೆ ಬರುತ್ತೇನೆ. ಕಾರಿಗಿಂತ ನನ್ನನ್ನು ಹೆಚ್ಚು ಕೆರಳಿಸಿದ್ದು ಇವೇ.

ಮೊದಲ ಉತ್ತರ: "ಸರ್, ನೀವು ಹೊಸಬರು ಅಂತ ಕಾಣುತ್ತೆ, ಕೈ ಪಳಗಬೇಕು." ಕೈ ಪಳಗಿದರೆ ಇಲ್ಲದ ಸರ್ವೋ ಹುಟ್ಟಿಕೊಳ್ಳುತ್ತದೆಯೇ? ಎರಡು ತಂತಿ ಮೂರಾಗುತ್ತದೆಯೇ? ವೀಡಿಯೊ ತೆಗೆದು ಕಳುಹಿಸಿದೆ. ಎರಡನೆಯ ಉತ್ತರ: "ಇಷ್ಟು ಚಿಕ್ಕ ಕಾರಿನಲ್ಲಿ ಅದಕ್ಕೆಲ್ಲ ಜಾಗ ಇರಲ್ಲ ಸರ್, ಎಲ್ಲ ಕಂಪನಿಯದ್ದೂ ಹೀಗೇ." ಇದು ಹಸಿ ಸುಳ್ಳು. ಇದೇ ಗಾತ್ರದಲ್ಲಿ ಪ್ರೊಪೋರ್ಷನಲ್ ಸ್ಟಿಯರಿಂಗ್ ಬಂದು ಎರಡು ದಶಕ ದಾಟಿದೆ, ಬಜೆಟ್ ಕಾರುಗಳಲ್ಲಿಯೂ ಇದೆ, ನನ್ನ ಕಣ್ಣೆದುರೇ ಓಡುತ್ತಿತ್ತು. ಅದನ್ನೂ ಬರೆದೆ. ಮೂರನೆಯ ಉತ್ತರ: "ಬಾಡಿ ಬಿಚ್ಚಿದ್ದೀರಿ, ಹಾಗಾಗಿ ವಾರಂಟಿ ಇಲ್ಲ." ಆ ಕಾರಿನ ಬ್ಯಾಟರಿಗಳನ್ನು ಹಾಕಬೇಕಾದರೆ ಬಾಡಿಯನ್ನು ಬಿಚ್ಚಲೇಬೇಕು! ಪೆಟ್ಟಿಗೆಯಲ್ಲಿದ್ದ ಅವರದೇ ಸೂಚನಾ ಪತ್ರದ ಮೊದಲ ಸಾಲು ಬಾಡಿ ತೆಗೆಯಿರಿ ಎನ್ನುತ್ತದೆ. ಅದರ ಚಿತ್ರ ಕಳುಹಿಸಿದ ಮೇಲೆ ಉತ್ತರವೇ ಬರಲಿಲ್ಲ, ಆದರೆ ಜಾಹೀರಾತು ಸದ್ದಿಲ್ಲದೆ ಬದಲಾಯಿತು. "ಪ್ರೀಮಿಯಂ ದರ್ಜೆ" ಎಂದಿದ್ದದ್ದು "ಪ್ರೀಮಿಯಂ ಲುಕ್" ಎಂದಾಯಿತು, ಪ್ರೊಪೋರ್ಷನಲ್ ಎಂಬ ಪದ ಮಾಯವಾಯಿತು, ಬೆಲೆ ಮಾತ್ರ ಅಷ್ಟೇ ಉಳಿಯಿತು. ಹಳೆಯ ಜಾಹೀರಾತಿನ ಸ್ಕ್ರೀನ್‌ಶಾಟ್ ನನ್ನ ಬಳಿ ಇದೆ ಎಂದು ತಿಳಿಸಿದ ಮೇಲೆ, ಮುಂದಿನ ಖರೀದಿಗೆ ರಿಯಾಯಿತಿ ಕೊಡುತ್ತೇವೆ ಎಂದರು. ನನ್ನ ಹಣವನ್ನು ನನಗೆ ಹಿಂದಿರುಗಿಸುವ ಬದಲು ಇನ್ನಷ್ಟು ಹಣವನ್ನು ತಮ್ಮಲ್ಲಿಯೇ ಹಾಕಿ ಎಂಬುದು ಇದರ ಅರ್ಥ. ಒಪ್ಪಲಿಲ್ಲ.

ಬಿಡಿಭಾಗಗಳ ಬಗ್ಗೆ ಕೇಳಿದ್ದಕ್ಕೆ ಬಂದ ಮಾತು ಇನ್ನೂ ವಿಚಿತ್ರ. ಒಂದು ಸಣ್ಣ ಡಿಕ್ಕಿಗೆ ಮುಂಚಕ್ರದ ನಕಲ್ (ಚಕ್ರವನ್ನು ಹಿಡಿದು ತಿರುಗಿಸುವ ಕೀಲಿನ ಭಾಗ) ಮುರಿದಿತ್ತು, ಅದೊಂದನ್ನು ಕಳುಹಿಸಿ ಎಂದರೆ ಹೊಸ ಕಾರನ್ನೇ ಕೊಳ್ಳಲು ಹೇಳಿದರು. ಪ್ರೀಮಿಯಂ ಕಾರಿಗೆ ನಾವು ಹೆಚ್ಚು ಹಣ ಕೊಡುವುದೇ ಮುಖ್ಯವಾಗಿ ಇದಕ್ಕಾಗಿ: ಅದರ ನಕಲ್, ಗೇರು, ಟಯರು, ಸ್ಪ್ರಿಂಗುಗಳಿಗೆ ಒಂದೊಂದಕ್ಕೂ ಸಂಖ್ಯೆಯಿರುತ್ತದೆ, ಬಿಡಿಯಾಗಿ ಸಿಗುತ್ತದೆ, ಕಾರು ವರ್ಷಗಟ್ಟಲೆ ಬಾಳುತ್ತದೆ. ರಿಸೀವರೂ ವೇಗ ನಿಯಂತ್ರಕವೂ ಒಂದೇ ಬೋರ್ಡಿನಲ್ಲಿರುವುದು ದೋಷವಲ್ಲ, ಹಲವು ಮಿನಿ-ಝಡ್‌ಗಳಲ್ಲಿಯೂ ಹಾಗೆಯೇ ಇರುತ್ತದೆ. ಆ ಬೋರ್ಡು ಕೆಟ್ಟರೆ ಬೇರೆ ಸಿಗುತ್ತದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಬಜೆಟ್ ಕಾರುಗಳನ್ನು ನಾನು ಹಳಿಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಇಂದು ಒಳ್ಳೆಯ ಬಜೆಟ್ ಕಾರುಗಳಲ್ಲಿ ಪ್ರೊಪೋರ್ಷನಲ್ ಸ್ಟಿಯರಿಂಗ್ ಇದೆ, ಡಿಫರೆನ್ಷಿಯಲ್ ಇದೆ, ಕೆಲವಕ್ಕೆ ಬಿಡಿಭಾಗಗಳೂ ಸಿಗುತ್ತವೆ. ಪ್ಲಾಸ್ಟಿಕ್ಕು ಮೆದು, ಗೇರುಗಳಲ್ಲಿ ಸಡಿಲ ಹೆಚ್ಚು, ಸ್ಟಿಯರಿಂಗ್ ಪ್ರತಿ ಸಲವೂ ಸರಿಯಾಗಿ ನೇರಕ್ಕೆ ಬಂದು ನಿಲ್ಲುವುದಿಲ್ಲ, ಅಷ್ಟೇ. ಕಲಿಯುವವರಿಗೆ ಅದು ಧಾರಾಳವಾಗಿ ಸಾಕು. ಬಜೆಟ್ ಎಂದು ಹೇಳಿ ಬಜೆಟ್ ಕಾರು ಮಾರುವವರ ಮೇಲೆ ನನಗೆ ಗೌರವವೇ ಇದೆ. ನನಗೆ ಸಿಕ್ಕಿದ್ದು ಬಜೆಟ್ ದರ್ಜೆಗೂ ಕೆಳಗಿನದು, ತೆತ್ತದ್ದು ಪ್ರೀಮಿಯಂ ಬೆಲೆ.

ಆದ್ದರಿಂದ ಹಣ ಕಳುಹಿಸುವ ಮೊದಲು ಬಾಡಿ ತೆಗೆದ ಚಾಸಿಸ್‌ನ ಚಿತ್ರವನ್ನು, ಮೋಟರಿನ ತಂತಿಗಳು ಕಾಣುವಂತೆ, ಕೇಳಿ ತರಿಸಿಕೊಳ್ಳಿ. ಟ್ರಾನ್ಸ್‌ಮಿಟರನ್ನು ನಿಧಾನವಾಗಿ ತಿರುಗಿಸುತ್ತ ಮುಂದಿನ ಟಯರುಗಳನ್ನು ತೋರಿಸುವ ವೀಡಿಯೊ ಕೇಳಿ. ಮುಂಚಕ್ರದ ನಕಲ್ ಬಿಡಿಯಾಗಿ ಇದೆಯೇ ಎಂದು ಬರಹದಲ್ಲಿ ಕೇಳಿ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಅದು ಬದಲಾಗುತ್ತದೆ. ಚಾಸಿಸ್ ತೋರಿಸಲು ಹಿಂಜರಿಯುವವರಿಗೆ ಒಂದು ಕಾಸನ್ನೂ ಕೊಡಬೇಡಿ. ನನಗೆ ಮಾರಿದ ಆ ಕಾರು, ಅದೇ ಚಿತ್ರಗಳೊಂದಿಗೆ, ಅದೇ ಬೆಲೆಗೆ ಇವತ್ತಿಗೂ ಮಾರಾಟದಲ್ಲಿದೆ. ಚಿತ್ರಗಳಲ್ಲಿ ಒಂದರಲ್ಲಿಯೂ ಚಾಸಿಸ್ ಕಾಣುವುದಿಲ್ಲ.